ಅಮ್ಮನ ಕಾಲದ ಫ್ರಾಕ್, ಮಗಳ ಬೇಸಿಗೆ: ಆ ಟಕ್ಕು, ಆ ನಿರಿಗೆ ಯಾಕೆ ಇರ್ತಿತ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕೇಳ್ತಾ ಕೇಳ್ತಾನೇ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಫೋನ್ ಗ್ಯಾಲರೀಲಿ, ಇಲ್ಲಾಂದ್ರೆ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ, ಅಮ್ಮನದ್ದೋ ಚಿಕ್ಕಮ್ಮನದ್ದೋ ಚಿಕ್ಕಂದಿನ ಫೋಟೊ ಒಂದು ಇದ್ದೇ ಇರುತ್ತೆ. ಸ್ಟುಡಿಯೋದ ಬಣ್ಣದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಎರಡು ಜಡೆ, ಮಡಿಸಿ ಕಟ್ಟಿದ ರಿಬ್ಬನ್. ಮುಖ ಆಮೇಲೆ ನೋಡಿ, ಮೊದ್ಲು ಫ್ರಾಕ್ ನೋಡಿ. ಎದೆ ಮೇಲೆ ಒಂದು ಅಡ್ಡ ಜೋಡಣೆ, ಅದರ ಕೆಳಗೆ ನಿರಿಗೆ ನಿರಿಗೆಯಾಗಿ ಇಳಿದ ಬಟ್ಟೆ, ದುಂಡನೆ ಕಾಲರ್, ಉಬ್ಬಿದ ಪಫ್ ಕೈ, ಕೆಳಗಿನ ಅಂಚಿನ ಹತ್ರ ಎರಡು ಮೂರು ಅಡ್ಡ ಗೆರೆ.

ಇವತ್ತು ಇದೇ ಫ್ರಾಕ್ ‘ವಿಂಟೇಜ್ ಕಲೆಕ್ಷನ್’ ಅಂತ ಆನ್‌ಲೈನ್‌ನಲ್ಲಿ ಬರುತ್ತೆ. ನೋಡೋಕೆ ಹಾಗೇ ಇರುತ್ತೆ. ತರಿಸಿ ಒಳಗೆ ತಿರುಗಿಸಿ ನೋಡಿ. ಗೆರೆ ಇರುತ್ತೆ, ಆದ್ರೆ ಅದನ್ನ ಬಿಚ್ಚಿದ್ರೆ ಬಟ್ಟೆ ಉದ್ದ ಆಗಲ್ಲ. ನಿರಿಗೆ ಇರುತ್ತೆ, ಆದ್ರೆ ಒಳಗೆ ಪಾಲಿಯೆಸ್ಟರ್ ಲೈನಿಂಗ್. ಅಂದ್ರೆ ರೂಪ ಮಾತ್ರ ವಾಪಸ್ ಬಂದಿದೆ, ಕೆಲಸ ಬಂದಿಲ್ಲ. ಹಳೇ ಫ್ರಾಕಿನ ಒಂದೊಂದು ಅಲಂಕಾರಕ್ಕೂ ಒಂದೊಂದು ಕೆಲಸ ಇತ್ತು. ಮಗು ಬೆಳೆಯುತ್ತೆ, ಬೆವರುತ್ತೆ, ಮರ ಹತ್ತುತ್ತೆ, ಬಟ್ಟೆ ದುಡ್ಡಿಗೆ ಸಿಗೋದು ವರ್ಷಕ್ಕೆ ಒಂದೆರಡು ಸಲ. ಇವಿಷ್ಟಕ್ಕೂ ಆ ಹೊಲಿಗೆಯಲ್ಲಿ ಉತ್ತರ ಇತ್ತು. ಇವತ್ತಿನ ಸಂಚಿಕೆ ಅದರ ಬಗ್ಗೆ.

ನನ್ನ ಬಗ್ಗೆ ಎರಡು ಮಾತು. ನಾವಿರೋದು ದಾವಣಗೆರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಕರೆಸಿಕೊಂಡ ಊರು, ಈಗ ಬೆಣ್ಣೆ ದೋಸೆಗೆ ಹೆಸರು. ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ. ನನ್ನ ಮಗಳಿಗೆ ಐದು ವರ್ಷ. ಎರಡು ಬೇಸಿಗೆಯಿಂದ ಅವಳ ಕುತ್ತಿಗೆ, ಬೆನ್ನು, ಕಂಕುಳ ಹತ್ರ ಬೆವರುಸಾಲೆ ಏಳ್ತಾ ಇತ್ತು. ರಾತ್ರಿ ನಿದ್ದೆಯಲ್ಲೇ ಕೆರ್ಕೊಳ್ಳೋಳು. ಬರ್ತ್‌ಡೇಗೆ ಬಂದ ನೆಟ್ ಫ್ರಾಕ್‌ಗಳನ್ನ ಹಾಕಿದ ಹತ್ತು ನಿಮಿಷಕ್ಕೆ ಬಿಚ್ಚಿ ಎಸೀತಿದ್ಳು. ಹಟ ಅಂತ ಮನೇಲಿ ಎಲ್ರೂ ಅಂದ್ರು. ಹಟ ಅಲ್ಲ, ಚುಚ್ಚುತ್ತೆ.

ಬಟ್ಟೆ ಮೊದಲು, ಡಿಸೈನ್ ಆಮೇಲೆ

ಬೆವರುಸಾಲೆ ಆಗೋದು ಬೆವರಿನ ನಾಳಗಳು ಮುಚ್ಚಿಕೊಂಡು ಬೆವರು ಚರ್ಮದೊಳಗೇ ಸಿಕ್ಕಿಹಾಕಿಕೊಂಡಾಗ. ಮೈಗೆ ಅಂಟಿದ ಬಟ್ಟೆ, ಗಾಳಿ ಆಡದ ಬಟ್ಟೆ ಅದನ್ನ ಜಾಸ್ತಿ ಮಾಡುತ್ತೆ. ಹತ್ತಿ ಗಾಳಿಯಲ್ಲಿರೋ ತೇವವನ್ನೇ ತನ್ನ ತೂಕದ ಸುಮಾರು ಶೇ 8ರಷ್ಟು ಹಿಡಿದಿಟ್ಟುಕೊಳ್ಳುತ್ತೆ. ಪಾಲಿಯೆಸ್ಟರ್ ಶೇ 1ರಷ್ಟೂ ಹಿಡಿಯಲ್ಲ. ಕ್ರಿಕೆಟ್ ಜೆರ್ಸಿ ಪಾಲಿಯೆಸ್ಟರೇ ಅಲ್ವಾ ಅಂತ ಕೇಳ್ಬಹುದು. ಜೆರ್ಸಿಯನ್ನ ಬೆವರು ಬೇಗ ಹರಡಿ ಒಣಗೋ ಹಾಗೆ ತೂತು ತೂತಾಗಿ ಹೆಣೆದಿರ್ತಾರೆ. ಹೊಳೆಯೋ ಸ್ಯಾಟಿನ್ ಲೈನಿಂಗ್ ಆ ಜಾತಿ ಅಲ್ಲ.

ಮಕ್ಕಳ ಬೇಸಿಗೆ ಬಟ್ಟೆಗೆ ನಾನು ಮೂರೇ ಹೆಸರು ನೆನಪಿಟ್ಟುಕೊಂಡಿದ್ದೀನಿ: ಮಲ್, ಕೇಂಬ್ರಿಕ್, ಪಾಪ್ಲಿನ್. ಮಲ್ ಅಂದ್ರೆ ಮಲ್‌ಮಲ್, ತುಂಬಾ ತೆಳು, ತುಂಬಾ ತಂಪು, ಆದ್ರೆ ಹೊಲಿಯೋವಾಗ ಜಾರುತ್ತೆ. ಪಾಪ್ಲಿನ್ ಗಟ್ಟಿ, ಕತ್ತರಿಗೆ ಚೆನ್ನಾಗಿ ಸಿಗುತ್ತೆ, ಮೊದಲ ಸಲ ಹೊಲಿಯೋರಿಗೆ ಅದೇ ಸರಿ. ಕೇಂಬ್ರಿಕ್ ಎರಡರ ಮಧ್ಯ. ಅಂಗಡಿಯವರು ‘ಪ್ಯೂರ್ ಕಾಟನ್ ಮೇಡಂ’ ಅಂದ್ರೆ ತಲೆಯಾಡಿಸಿ, ಮನೆಗೆ ಬಂದು ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿಕಡ್ಡಿ ತಾಗಿಸಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ, ಮುಟ್ಟಿದ್ರೆ ಪುಡಿಯಾಗೋ ಬೂದಿ. ಪಾಲಿಯೆಸ್ಟರ್ ಇದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಆ ಕರಗಿದ ಮಣಿ ಮಗುವಿನ ಚರ್ಮಕ್ಕೆ ಅಂಟಿದ್ರೆ ಹೇಗಿರುತ್ತೆ ಯೋಚಿಸಿ. ದೀಪ, ಪಟಾಕಿ ಇರೋ ದಿನಗಳಲ್ಲಿ ಹತ್ತಿ ಹಾಕಿ ಅಂತ ದೊಡ್ಡೋರು ಹೇಳೋದು ಇದಕ್ಕೇ.

ಇಲ್ಲೇ ಇನ್ನೊಂದು ಮಾತು ಹೇಳ್ಬಿಡ್ತೀನಿ. ಹಳೇದೆಲ್ಲ ಚಿನ್ನ ಅಂತ ಅಲ್ಲ. ಎಪ್ಪತ್ತರ ದಶಕದ ಫೋಟೊಗಳಲ್ಲಿ ನೈಲಾನ್ ಫ್ರಾಕ್, ಟೆರಿಕಾಟ್ ಫ್ರಾಕ್ ಬೇಕಾದಷ್ಟು ಇವೆ. ಇಸ್ತ್ರಿ ಬೇಡ, ಬೇಗ ಒಣಗುತ್ತೆ ಅಂತ ಆಗ ಅದೇ ಫ್ಯಾಷನ್. ನನ್ನ ದೊಡ್ಡಮ್ಮ ಆ ಫ್ರಾಕ್‌ಗಳನ್ನ ನೆನೆಸ್ಕೊಂಡ್ರೆ ಈಗಲೂ ಭುಜ ಕುಣಿಸ್ತಾರೆ, ಅಷ್ಟು ಕಡಿತಿತ್ತಂತೆ. ನಾವು ತಗೋಬೇಕಾಗಿರೋದು ಆ ಕಾಲದ ಕಟ್ಟಿಂಗ್, ಆ ಕಾಲದ ನೈಲಾನ್ ಅಲ್ಲ.

ಹೊಸ ಹತ್ತಿ ಬಟ್ಟೆ ಒಗೆದ್ರೆ ಕುಗ್ಗುತ್ತೆ. ಅದಕ್ಕೇ ಕತ್ತರಿ ಹಾಕೋ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಜೊತೆಗೆ ಒಂದು ಬಿಳಿ ಚಿಂದಿ ಹಾಕಿದ್ರೆ ಬಣ್ಣ ಬಿಡುತ್ತೋ ಇಲ್ವೋ ಅದೂ ಗೊತ್ತಾಗುತ್ತೆ.

ಅಮ್ಮನ ಸೀರೆಗೆ ಕತ್ತರಿ

ನಾನು ಹೊಲಿದ ಮೊದಲ ಫ್ರಾಕ್‌ಗೆ ಅಂಗಡಿ ಬಟ್ಟೆ ತಂದಿರ್ಲಿಲ್ಲ. ಅಮ್ಮ ತೀರ್ಕೊಂಡು ಮೂರು ವರ್ಷ. ಅವರ ಟ್ರಂಕಿನಲ್ಲಿ ಮೂರು ಕಾಟನ್ ಸೀರೆ ಉಳಿದಿದ್ವು. ದಿನಾ ಮನೇಲಿ ಉಡೋ ಸೀರೆ, ಮದುವೆ ಮುಂಜಿಯದ್ದಲ್ಲ. ಒಂದನ್ನ ಕತ್ತರಿಸ್ತೀನಿ ಅಂದಾಗ ಅಕ್ಕ ಫೋನ್‌ನಲ್ಲಿ ಸುಮ್ನಾದ್ಳು. ಆಮೇಲೆ, ‘ಕತ್ತರಿಸಿದ್ರೆ ಮತ್ತೆ ಸೀರೆ ಆಗಲ್ಲ ಕಣೇ’ ಅಂದ್ಳು. ನಿಜ. ಆದ್ರೆ ಟ್ರಂಕಲ್ಲಿಟ್ರೂ ಅದು ಇನ್ನೇನೂ ಆಗಲ್ಲ, ಮಡಿಕೆ ಮಡಿಕೆಯಲ್ಲೇ ಸವೆದು ಹೋಗುತ್ತೆ. ನಾವಿಬ್ರೂ ಮಾತಾಡಿ ಒಪ್ಪಿದ್ದು ಇಷ್ಟು: ಒಂದು ಸೀರೆ ಫ್ರಾಕ್‌ಗೆ, ಒಂದು ಅವಳಿಗೆ, ಒಂದು ನನಗೆ. ಕತ್ತರಿಸೋ ಸೀರೆಯ ಸೆರಗು ಮುಟ್ಟೋ ಹಾಗಿಲ್ಲ.

ನಿಮ್ಮ ಮನೇಲೂ ಇಂಥ ಸೀರೆ ಇದ್ರೆ, ಕತ್ತರಿಸೋ ಮುಂಚೆ ಬಟ್ಟೆಯನ್ನ ಓದಬೇಕು. ಕಿಟಕಿ ಬೆಳಕಿಗೆ ಹಿಡೀರಿ. ಎಲ್ಲಿ ಎಳೆ ತೆಳುವಾಗಿದ್ಯೋ ಅಲ್ಲಿ ಬೆಳಕು ಜಾಸ್ತಿ ತೂರಿ ಬರುತ್ತೆ. ಕೂತು ಕೂತು ಸವೆದ ಜಾಗ, ನಿರಿಗೆಯ ಕೆಳಗಿನ ಅಂಚು, ನೆಲ ಉಜ್ಜಿದ ಜಾಗ, ಇಲ್ಲೆಲ್ಲ ಜೀವ ಇರಲ್ಲ. ಎರಡೂ ಹೆಬ್ಬೆರಳಿಂದ ಮೆಲ್ಲಗೆ ಎಳೆದು ನೋಡಿ. ‘ಚರ್’ ಅಂತ ಸದ್ದು ಬಂದ್ರೆ ಆ ಭಾಗ ಬಿಟ್ಬಿಡಿ. ನನ್ನ ಸೀರೆಯಲ್ಲಿ ಸೊಂಟಕ್ಕೆ ಸಿಕ್ಕಿಸೋ ಒಳ ತುದಿ ಹೊಸದರ ಹಾಗೇ ಇತ್ತು, ಬಣ್ಣವೂ ಗಾಢ. ಐದೂವರೆ ಮೀಟರ್‌ನಲ್ಲಿ ನನಗೆ ನಂಬಿಕೆಯಿಂದ ಸಿಕ್ಕಿದ್ದು ಎರಡೂ ಕಾಲು ಮೀಟರ್. ಒಂದು ಫ್ರಾಕ್, ಒಂದು ಬ್ಲೂಮರ್.

ಹಳೇ ಬಟ್ಟೆಗೆ ಒಂದು ದೊಡ್ಡ ಗುಣ ಇದೆ. ನೂರಾರು ಸಲ ಒಗೆದು ಗಂಜಿ, ಬಿಗುಪು ಎಲ್ಲ ಹೋಗಿರುತ್ತೆ. ಇನ್ನು ಕುಗ್ಗಲ್ಲ, ಚುಚ್ಚಲ್ಲ. ನಮ್ಮ ಕಡೆ ಹುಟ್ಟಿದ ಮಗುವಿಗೆ ಹಳೇ ಸೀರೆ, ಹಳೇ ಪಂಚೆಯ ಬಟ್ಟೆ ಸುತ್ತೋದು ಬಡತನಕ್ಕಷ್ಟೇ ಅಲ್ಲ, ಅದರಷ್ಟು ಮೆತ್ತನೆ ಬಟ್ಟೆ ಹೊಸದರಲ್ಲಿ ಸಿಗಲ್ಲ.

ಆ ಗೆರೆಗಳ ಲೆಕ್ಕ

ಈಗ ಅಸಲು ವಿಷಯಕ್ಕೆ ಬರ್ತೀನಿ. ಫೋಟೊದಲ್ಲಿ ಕಂಡ ಆ ಅಡ್ಡ ಗೆರೆಗೆ ಟಕ್ಕು ಅಂತಾರೆ. ಬಟ್ಟೆಯನ್ನ ಮಡಿಸಿ, ಮಡಿಕೆಯಿಂದ ಅರ್ಧ ಇಂಚು ಒಳಗೆ ಸುತ್ತಲೂ ಹೊಲಿಗೆ ಹಾಕಿ, ಮಡಿಕೆಯನ್ನ ಕೆಳಕ್ಕೆ ಮಾಡಿ ಇಸ್ತ್ರಿ ಮಾಡೋದು. ಅರ್ಧ ಇಂಚಿನ ಒಂದು ಟಕ್ಕು ಒಂದು ಇಂಚು ಬಟ್ಟೆ ನುಂಗುತ್ತೆ. ಎರಡು ಟಕ್ಕು ಎರಡು ಇಂಚು. ಅದರ ಕೆಳಗೆ ಅಂಚು ಮಡಿಸೋವಾಗ ಒಂದು ಇಂಚಲ್ಲ, ಮೂರು ಇಂಚು ಮಡಿಸಿ. ಮುಂದೆ ಆ ಮೂರರಲ್ಲಿ ಎರಡನ್ನ ಇಳಿಸ್ಬಹುದು. ಒಟ್ಟು ನಾಲ್ಕು ಇಂಚು ಬೆಳವಣಿಗೆ ಫ್ರಾಕಿನೊಳಗೇ ಬಚ್ಚಿಟ್ಟ ಹಾಗಾಯ್ತು.

ಲಂಗಕ್ಕೂ ನಮ್ಮಜ್ಜಿಯರು ಇದನ್ನೇ ಮಾಡ್ತಿದ್ರು. ಯುಗಾದಿಗೆ ಹೊಲಿಸಿದ ಲಂಗ ಮುಂದಿನ ಯುಗಾದಿಗೆ ಗಿಡ್ಡ ಆಯ್ತು ಅಂದ್ರೆ ಒಂದು ಟಕ್ಕು ಬಿಚ್ಚೋದು. ಟೈಲರ್ ಹತ್ರ ಅಮ್ಮಂದಿರು ಹೇಳೋ ಡೈಲಾಗ್ ಗೊತ್ತಲ್ಲ, ‘ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರ್ಲಿ’ ಅಂತ. ಆ ‘ಸ್ವಲ್ಪ ದೊಡ್ಡದು’ ಎಲ್ಲಿರ್ಬೇಕು ಅನ್ನೋದೇ ಜಾಣತನ. ಭುಜದಲ್ಲಿ ದೊಡ್ಡದಾದ್ರೆ ಫ್ರಾಕ್ ಜಾರಿ ಬೀಳುತ್ತೆ. ಉದ್ದದಲ್ಲಿ ದೊಡ್ಡದನ್ನ ಮಡಿಸಿ ಇಟ್ರೆ ಇವತ್ತೂ ಸರಿ, ಮುಂದಿನ ವರ್ಷಾನೂ ಸರಿ.

ಇದು ಕೆಲಸ ಮಾಡೋದು ಮಕ್ಕಳು ಬೆಳೆಯೋ ರೀತಿಯಿಂದಾಗಿ. ನಾಲ್ಕರಿಂದ ಎಂಟು ವರ್ಷದೊಳಗೆ ಮಗು ವರ್ಷಕ್ಕೆ ಹೆಚ್ಚುಕಡಿಮೆ 5ರಿಂದ 7 ಸೆಂಟಿಮೀಟರ್ ಎತ್ತರ ಆಗುತ್ತೆ. ಎದೆ ಸುತ್ತಳತೆ ಅಷ್ಟು ಬೇಗ ಬೆಳೆಯಲ್ಲ. ಹಾಗಾಗಿ ಎದೆ ಹತ್ರ ಮೂರು ಇಂಚು ಸಡಿಲ, ಉದ್ದಕ್ಕೆ ನಾಲ್ಕು ಇಂಚು ಗುಟ್ಟು, ಇಷ್ಟಿದ್ರೆ ಒಂದು ಫ್ರಾಕ್ ಎರಡು ಮೂರು ಬೇಸಿಗೆ ಬರುತ್ತೆ.

ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಬಹಳಷ್ಟು ಜನ ಬಟ್ಟೆ ಹಾಸಿಟ್ಟಾಗಲೇ ಟಕ್ಕು ಹಾಕಿ ಆಮೇಲೆ ಪಕ್ಕದ ಹೊಲಿಗೆ ಹಾಕ್ತಾರೆ. ಸುಲಭ ನಿಜ. ಆದ್ರೆ ಟಕ್ಕಿನ ತುದಿ ಪಕ್ಕದ ಹೊಲಿಗೆಯೊಳಗೆ ಸಿಕ್ಕಿಹಾಕಿಕೊಂಡ್ರೆ, ಮುಂದಿನ ವರ್ಷ ಟಕ್ಕು ಬಿಚ್ಚಬೇಕು ಅಂದ್ರೆ ಇಡೀ ಪಕ್ಕ ಬಿಚ್ಚಬೇಕು. ಅಲಂಕಾರದ ಟಕ್ಕಿಗೆ ಆ ದಾರಿ ಸರಿ. ಬೆಳೆಯೋ ಟಕ್ಕು ಬೇಕಿದ್ರೆ ಮೊದಲು ಎರಡೂ ಪಕ್ಕ ಮುಚ್ಚಿ, ಬಟ್ಟೆ ಕೊಳವೆ ಥರ ಆದ್ಮೇಲೆ ಸುತ್ತಲೂ ಟಕ್ಕು ಹಾಕಿ. ಹೊಲಿಗೆ ಉದ್ದ ಮಾಮೂಲಿಗಿಂತ ಜಾಸ್ತಿ ಇಡಿ, ಮೂರೂವರೆ ಮಿಲಿಮೀಟರ್ ಹತ್ರ. ಬಿಚ್ಚೋವಾಗ ದಾರ ಸರ್ರ್ ಅಂತ ಬರುತ್ತೆ.

ಸೀರೆಯ ಬಾರ್ಡರನ್ನೇ ಫ್ರಾಕಿನ ಕೆಳ ಅಂಚಿಗೆ ಇಟ್ರೆ ಇನ್ನೊಂದು ಲೆಕ್ಕ ಬರುತ್ತೆ. ಬಾರ್ಡರ್ ಒಳಗೆ ಮಡಿಸೋಕಾಗಲ್ಲ, ಅಂದ್ರೆ ಅಂಚಿನ ಮೂರು ಇಂಚು ಹೋಯ್ತು. ಆಗ ಬೆಳವಣಿಗೆಯನ್ನೆಲ್ಲ ಟಕ್ಕಿನಲ್ಲೇ ಬಚ್ಚಿಡಬೇಕು, ಎರಡರ ಬದಲು ಮೂರೋ ನಾಲ್ಕೋ. ಅಮ್ಮನ ಸೀರೆಯಲ್ಲಿ ನಾನು ಮಾಡಿದ್ದು ಇದೇ. ನಾಲ್ಕು ಟಕ್ಕು, ಅದರ ಕೆಳಗೆ ಬಾಡಿದ ಮೆರೂನ್ ಬಾರ್ಡರ್.

ಯೋಕ್, ನಿರಿಗೆ, ಪಫ್

ಎದೆ ಮೇಲಿನ ಆ ಅಡ್ಡ ಭಾಗಕ್ಕೆ ಯೋಕ್ ಅಂತಾರೆ. ಚಿಕ್ಕ ಮಕ್ಕಳಿಗೆ ಸೊಂಟ ಅಂತ ಇರಲ್ಲ, ಹೊಟ್ಟೆ ಮುಂದಕ್ಕಿರುತ್ತೆ. ಸೊಂಟಕ್ಕೆ ಹೊಲಿಗೆ ಹಾಕಿದ್ರೆ ಊಟ ಆದ್ಮೇಲೆ ಬಿಗಿಯುತ್ತೆ, ಬೆವರು ಅಲ್ಲೇ ನಿಲ್ಲುತ್ತೆ. ಯೋಕ್ ಫ್ರಾಕ್ ಭುಜದಲ್ಲಿ ಮಾತ್ರ ಕೂರುತ್ತೆ, ಉಳಿದಿದ್ದೆಲ್ಲ ಮೈಯಿಂದ ದೂರ ತೂಗುತ್ತೆ. ಕೆಳಗಿಂದ ಗಾಳಿ ಹೋಗಿ ಕತ್ತಿನ ಹತ್ರ ಆಚೆ ಬರುತ್ತೆ. ನಿರಿಗೆ ಇರೋದು ಇದಕ್ಕೇ, ಸುತ್ತಾಡಿದಾಗ ಛತ್ರಿ ಥರ ಅರಳೋದು ಮಕ್ಕಳಿಗೆ ಸಿಗೋ ಬೋನಸ್.

ನನ್ನ ಅಳತೆ ಹೇಳ್ತೀನಿ, ನಿಮ್ಮ ಮಗುವಿಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ. ಅವಳ ಎದೆ ಸುತ್ತಳತೆ 22 ಇಂಚು. ಮೂರು ಇಂಚು ಸಡಿಲ ಸೇರಿ 25. ನಿರಿಗೆಯ ಭಾಗ ಅದರ ಎರಡರಷ್ಟು, ಅಂದ್ರೆ 26 ಇಂಚು ಅಗಲದ ಎರಡು ತುಂಡು. ಯೋಕ್‌ನಿಂದ ಮಂಡಿವರೆಗೆ 16 ಇಂಚು ಬೇಕು. ಎರಡು ಟಕ್ಕಿಗೆ ಎರಡು, ಅಂಚಿಗೆ ಮೂರು, ಮೇಲಿನ ಹೊಲಿಗೆಗೆ ಅರ್ಧ. ಒಟ್ಟು ಇಪ್ಪತ್ತೊಂದೂವರೆ ಇಂಚು ಉದ್ದ ಕತ್ತರಿಸ್ಬೇಕು. 36 ಇಂಚು ಪನ್ನದ ಬಟ್ಟೆ ಎರಡು ಮೀಟರ್ ಇದ್ರೆ ಫ್ರಾಕ್, ಜೇಬು, ಹಿಂದೆ ಕಟ್ಟೋ ಪಟ್ಟಿ ಎಲ್ಲ ಆಗುತ್ತೆ.

ಯೋಕ್ ಮತ್ತು ಕಂಕುಳ ಆಕಾರಕ್ಕೆ ದುಡ್ಡು ಕೊಟ್ಟು ಪ್ಯಾಟರ್ನ್ ತರೋ ಅಗತ್ಯ ಇಲ್ಲ. ಅಮೆರಿಕದಲ್ಲಿ ಬಟರಿಕ್ ಅನ್ನೋರು 1863ರಲ್ಲೇ ಸೈಜ್ ಪ್ರಕಾರ ಕಾಗದದ ಪ್ಯಾಟರ್ನ್ ಮಾಡಿ ಮಾರೋಕೆ ಶುರು ಮಾಡಿದ್ರು. ಅಲ್ಲಿಯ ಹಳೇ ಪ್ಯಾಟರ್ನ್‌ಗಳನ್ನ ಹುಡುಕಿ ಕೊಳ್ಳೋರ ದೊಡ್ಡ ಬಳಗವೇ ಇದೆ. ಆ ದಾರಿ ಹಿಡಿದ್ರೆ ಕವರ್ ಮೇಲಿನ ವಯಸ್ಸು ನೋಡ್ಬೇಡಿ, ಇಂಚು ನೋಡಿ. ನಮ್ಮ ಮನೆಗಳ ಪದ್ಧತಿ ಬೇರೆ. ಸರಿಯಾಗಿ ಕೂರೋ ಒಂದು ಹಳೇ ಫ್ರಾಕನ್ನ ನ್ಯೂಸ್‌ಪೇಪರ್ ಮೇಲೆ ಮಡಿಸಿಟ್ಟು, ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಹೊಲಿಗೆಗೆ ಅರ್ಧ ಇಂಚು ಬಿಟ್ಟು ಕತ್ತರಿಸೋದು. ಸುದ್ದಿ ವೆಬ್‌ಸೈಟ್‌ನಲ್ಲಿ ಕೂತು ಹೇಳ್ಬಾರ್ದು, ಆದ್ರೂ ಪೇಪರ್ ಮನೆಗೆ ಬರ್ತಾ ಇದ್ರೆ ಎಷ್ಟು ಉಪಯೋಗ ನೋಡಿ.

ನಿರಿಗೆ ಹಿಡಿಯೋಕೆ ಮಶೀನಿನ ಅತಿ ಉದ್ದದ ಹೊಲಿಗೆಯಲ್ಲಿ, ಮೇಲಿನ ಅಂಚಿಗೆ ಸಮಾನಾಂತರವಾಗಿ ಕಾಲು ಇಂಚು ಅಂತರದಲ್ಲಿ ಎರಡು ಸಾಲು ಹೊಲೀರಿ. ಆಮೇಲೆ ಅಡಿಯ ದಾರ ಎರಡನ್ನೂ ಒಟ್ಟಿಗೆ ಎಳೀರಿ. ಒಂದೇ ಸಾಲು ಹಾಕಿದ್ರೆ ನಿರಿಗೆ ಒಂದು ಕಡೆ ಗುಂಪು ಕಟ್ಟುತ್ತೆ, ದಾರ ಕಿತ್ತುಹೋದ್ರೆ ಎಲ್ಲ ಮೊದಲಿಂದ. ಯೋಕನ್ನೂ ನಿರಿಗೆ ತುಂಡನ್ನೂ ನಾಲ್ಕು ಸಮಭಾಗ ಮಾಡಿ ಪಿನ್ ಚುಚ್ಚಿಕೊಂಡು, ಭಾಗಕ್ಕೆ ಭಾಗ ಹೊಂದಿಸಿ.

ಪಫ್ ಕೈಯಲ್ಲೂ ಅದೇ ಯೋಚನೆ. ಭುಜದ ಹತ್ರ ನಿರಿಗೆ ಇದ್ರೆ ಕೈ ಮೇಲೆತ್ತಿದಾಗ ಬಟ್ಟೆ ಹಿಡಿಯಲ್ಲ, ಕಂಕುಳಲ್ಲಿ ಗಾಳಿ ಆಡುತ್ತೆ. ಕೈ ತುದಿಗೆ ಎಲಾಸ್ಟಿಕ್ ಹಾಕ್ಬೇಡಿ, ಕೆಂಪು ಗೆರೆ ಬೀಳುತ್ತೆ. ತೋಳಿನ ಸುತ್ತಳತೆಗಿಂತ ಒಂದೂವರೆ ಇಂಚು ದೊಡ್ಡ ಪಟ್ಟಿ ಸಾಕು.

ಕಾಲರ್ ವಿಷಯದಲ್ಲಿ ನಂದು ಬೇರೆ ಅಭಿಪ್ರಾಯ. ಆ ದುಂಡನೆ ಕಾಲರ್‌ಗೆ ಪೀಟರ್ ಪ್ಯಾನ್ ಕಾಲರ್ ಅಂತ ಹೆಸರು. 1905ರಲ್ಲಿ ನ್ಯೂಯಾರ್ಕ್‌ನಲ್ಲಿ ‘ಪೀಟರ್ ಪ್ಯಾನ್’ ನಾಟಕ ಆಡಿದಾಗ ಮಾಡ್ ಆಡಮ್ಸ್ ಅನ್ನೋ ನಟಿ ಹಾಕಿದ ಉಡುಪಿನಿಂದ ಬಂದಿದ್ದು. ಮುದ್ದಾಗಿ ಕಾಣುತ್ತೆ, ಒಪ್ತೀನಿ. ಆದ್ರೆ ನ್ಯೂಯಾರ್ಕ್ ಚಳಿಯಲ್ಲಿ ಹುಟ್ಟಿದ ಕಾಲರ್ ದಾವಣಗೆರೆ ಏಪ್ರಿಲ್‌ಗೆ ಯಾಕೆ? ಕತ್ತಿನ ಸುತ್ತ ಎರಡು ಪದರ ಬಟ್ಟೆ ಜಾಸ್ತಿ, ಬೆವರುಸಾಲೆ ಮೊದಲು ಏಳೋ ಜಾಗ ಅದೇ. ನಾನು ಕಾಲರ್ ಬಿಟ್ಟು, ಬಟ್ಟೆಯನ್ನ ಓರೆಯಾಗಿ, ಅಂದ್ರೆ ಹಾಸು ಹೊಕ್ಕು ಎರಡಕ್ಕೂ ಅಡ್ಡವಾಗಿ ಕತ್ತರಿಸಿದ ಸಣ್ಣ ಪಟ್ಟಿಯಿಂದ ಕತ್ತು ಮುಗಿಸ್ತೀನಿ. ಓರೆ ಪಟ್ಟಿ ಎಳೆದ್ರೆ ಹಿಗ್ಗುತ್ತೆ, ದುಂಡಕ್ಕೆ ಬಾಗುತ್ತೆ, ಮಡಿಕೆ ಬೀಳಲ್ಲ.

ಸ್ಮಾಕಿಂಗ್ ಬಗ್ಗೆ ಹೇಳದಿದ್ರೆ ಟೈಲರಿಂಗ್ ಕ್ಲಾಸಿಗೆ ಹೋದ ಚಿಕ್ಕಮ್ಮಂದಿರು ಬೈತಾರೆ. ಎದೆ ಮೇಲೆ ಜೇನುಗೂಡಿನ ಥರ ಕಾಣೋ ಕೈಹೊಲಿಗೆ ಅದು. ಇಂಗ್ಲೆಂಡಿನ ಹೊಲ, ಗದ್ದೆಗಳಲ್ಲಿ ದುಡಿಯೋರು ಹಾಕ್ತಿದ್ದ ‘ಸ್ಮಾಕ್’ ಅನ್ನೋ ದೊಗಲೆ ಅಂಗಿಯಿಂದ ಈ ಹೆಸರು. ಎಲಾಸ್ಟಿಕ್ ಬರೋ ಮುಂಚೆ ಬಟ್ಟೆ ಹಿಗ್ಗಿ ಕುಗ್ಗಬೇಕು ಅಂದ್ರೆ ಇದೇ ದಾರಿ. ಬಟ್ಟೆ ಸುಮಾರು ಮೂರು ಪಟ್ಟು ಬೇಕು, ಒಂದು ಫ್ರಾಕಿನ ಎದೆಗೆ ಹಲವು ಸಂಜೆಗಳು. ನಾನು ಇನ್ನೂ ಮಾಡಿಲ್ಲ, ಸದ್ಯಕ್ಕೆ ಮಾಡೋದೂ ಇಲ್ಲ. ಟಕ್ಕಿನಷ್ಟು ಉಪಕಾರ ಅದರಿಂದ ಇಲ್ಲ ಅಂತ ನನ್ನ ಲೆಕ್ಕ.

ಒಳಗಡೆ ಚೆನ್ನಾಗಿರ್ಬೇಕು

ಮಕ್ಕಳಿಗೆ ಫ್ರಾಕಿನ ಹೊರಗಡೆ ಹೇಗಿದ್ಯೋ ಅದಕ್ಕಿಂತ ಒಳಗಡೆ ಮುಖ್ಯ. ಅಂಗಡಿ ಬಟ್ಟೆಯ ಓವರ್‌ಲಾಕ್ ದಾರ ನೈಲಾನ್ ಥರ ಗೀರುತ್ತೆ. ಹಳೇ ಕಾಲು ಮಶೀನುಗಳಲ್ಲಿ ಓವರ್‌ಲಾಕ್ ಇರ್ಲಿಲ್ಲ, ನೇರ ಹೊಲಿಗೆ ಒಂದೇ. ಅದರಲ್ಲೇ ಅಂಚು ಬಿಚ್ಚದ ಹಾಗೆ ಹೊಲಿಯೋಕೆ ಫ್ರೆಂಚ್ ಹೊಲಿಗೆ ಹಾಕ್ತಿದ್ರು. ಮೊದಲು ಬಟ್ಟೆಯ ಎರಡೂ ಒಳಮುಖಗಳನ್ನ ಒಂದಕ್ಕೊಂದು ಸೇರಿಸಿ, ಕಾಲು ಇಂಚಿಗೆ ಹೊಲೀರಿ. ಹೌದು, ಉಲ್ಟಾ ಅನ್ಸುತ್ತೆ, ಹಾಗೇ ಹೊಲೀರಿ. ಅಂಚನ್ನ ಸಣ್ಣಗೆ ಕತ್ತರಿಸಿ, ಬಟ್ಟೆ ತಿರುಗಿಸಿ, ಈಗ ಹೊರಮುಖಗಳು ಒಂದಕ್ಕೊಂದು ತಾಗೋ ಹಾಗಿಟ್ಟು ಇನ್ನೊಂದು ಹೊಲಿಗೆ ಹಾಕಿ. ಎಳೆ ಬಿಟ್ಟ ಅಂಚೆಲ್ಲ ಎರಡು ಹೊಲಿಗೆಯ ಮಧ್ಯೆ ಬಂಧಿ. ಒಳಗೆ ಕೈಯಾಡಿಸಿದ್ರೆ ನುಣುಪು. ಮಲ್ ಬಟ್ಟೆಗೆ 9 ಅಥವಾ 11 ನಂಬರ್ ಸೂಜಿ ಹಾಕಿ, ದಪ್ಪ ಸೂಜಿ ತೂತು ಮಾಡುತ್ತೆ.

ಮಶೀನ್ ಇಲ್ಲಾಂದ್ರೆ ಕೈಯಲ್ಲೂ ಆಗುತ್ತೆ, ಬಖಿಯಾ ಹೊಲಿಗೆ ಗಟ್ಟಿ. ಟೈಮ್ ಹಿಡಿಯುತ್ತೆ ಅಷ್ಟೆ.

ಇನ್ನು ಜೇಬು. ಹುಡುಗೀರ ಫ್ರಾಕ್‌ಗೆ ಜೇಬು ಯಾಕಿಲ್ಲ ಅಂತ ನನ್ನ ಮಗಳು ಕೇಳಿದ ಪ್ರಶ್ನೆಗೆ ನನ್ನ ಹತ್ರ ಮರ್ಯಾದೆಯ ಉತ್ತರ ಇರ್ಲಿಲ್ಲ. ನಾಲ್ಕೂವರೆ ಇಂಚು ಚೌಕದ ಎರಡು ತುಂಡು, ಮೇಲಿನ ಎರಡು ಮೂಲೆಗೆ ಗಟ್ಟಿಯಾಗಿ ಎರಡೆರಡು ಸಲ ಹೊಲಿಗೆ. ಈಗ ಅದರಲ್ಲಿ ಹುಣಸೆ ಬೀಜ, ಬಾಟಲಿ ಮುಚ್ಚಳ, ಒಂದು ಸಲ ಜೀವಂತ ಬಸವನ ಹುಳು. ಒಗೆಯೋ ಮುಂಚೆ ನೋಡಿ.

ಹಳೇದರಲ್ಲಿ ಬಿಡಬೇಕಾದ್ದು

ಕತ್ತಿನ ಹತ್ರ ದಾರ. ಹಳೇ ಡಿಸೈನ್‌ಗಳಲ್ಲಿ ಕತ್ತಿಗೆ ಲಾಡಿ ಹಾಕಿ ಎಳೆದು ಬಿಲ್ಲು ಕಟ್ಟೋದು, ಭುಜದ ಮೇಲೆ ಉದ್ದ ರಿಬ್ಬನ್ ಬಿಡೋದು ಬಹಳ ಇದೆ. ಇದು ಬೇಡವೇ ಬೇಡ. ಜಾರುಬಂಡೆಯ ಸಂದಿಗೆ, ಬಸ್ಸಿನ ಬಾಗಿಲಿಗೆ, ತೊಟ್ಟಿಲ ಕಂಬಿಗೆ ದಾರ ಸಿಕ್ಕಿಹಾಕಿಕೊಂಡು ಮಕ್ಕಳು ಸತ್ತಿದ್ದಾರೆ. ಅದಕ್ಕೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಮೇಲುಡುಪಿನ ಕತ್ತು, ಟೋಪಿಯ ಲಾಡಿ ತೆಗೆದುಹಾಕಬೇಕು ಅಂತ ಮಾರ್ಗಸೂಚಿ ತಂತು. ಯುರೋಪಿನಲ್ಲೂ ಇದಕ್ಕೆ ಪ್ರತ್ಯೇಕ ಮಾನದಂಡ ಇದೆ. ನಮ್ಮ ಮನೆಯ ನಿಯಮ: ಕತ್ತಿಗೆ ಯಾವ ದಾರವೂ ಇಲ್ಲ, ಹಿಂದೆ ಕಟ್ಟೋ ಪಟ್ಟಿ ಬಿಚ್ಚಿದಾಗ ಫ್ರಾಕಿನ ಅಂಚಿಗಿಂತ ಕೆಳಗೆ ಇಳೀಬಾರ್ದು, ಪಟ್ಟಿಯ ಬುಡ ಪಕ್ಕದ ಹೊಲಿಗೆಯೊಳಗೆ ಭದ್ರವಾಗಿರ್ಬೇಕು.

ಗುಂಡಿ ಕೂಡ. ಮೂರು ವರ್ಷದೊಳಗಿನ ಮಗು ಕಿತ್ತು ಬಾಯಿಗೆ ಹಾಕ್ಕೊಳ್ಳುತ್ತೆ. ಆ ವಯಸ್ಸಿಗೆ ಗುಂಡಿ ಇಲ್ಲದೆ ತಲೆ ತೂರೋ ಹಾಗೆ ಕತ್ತು ಅಗಲ ಮಾಡಿ. ದೊಡ್ಡ ಮಕ್ಕಳಿಗೆ ಜೋಡಿ ದಾರದಲ್ಲಿ ಹೊಲಿದು, ಎಳೆದು ಪರೀಕ್ಷೆ ಮಾಡಿ. ಹಳೇ ಫ್ರಾಕಿಗೆ ಗುಂಡಿ ಬೆನ್ನಿಗಿರ್ತಿತ್ತು, ಯಾಕಂದ್ರೆ ಹಾಕೋರು ಅಮ್ಮ. ನಾನು ಗುಂಡಿಯನ್ನ ಮುಂದಕ್ಕೆ ತಂದೆ. ಐದು ವರ್ಷದೋಳು ತಾನೇ ಹಾಕ್ಕೊಳ್ಳಲಿ, ಸೆಕೆ ಆದ್ರೆ ತಾನೇ ಬಿಚ್ಚಲಿ.

ದುಡ್ಡು, ಟೈಮು

ಇದು ಅಗ್ಗವಾ ಅಂತ ಕೇಳಿದ್ರೆ, ನಿಮ್ಮ ಟೈಮಿಗೆ ಬೆಲೆ ಕಟ್ಟಿದ್ರೆ ಅಲ್ಲ. ಮೊದಲ ಫ್ರಾಕ್‌ಗೆ ನನಗೆ ನಾಲ್ಕು ಭಾನುವಾರ ಹಿಡೀತು. ಒಂದು ಬೇಸಿಗೆಗೆ ನಾಲ್ಕೈದು ಅಗ್ಗದ ಫ್ರಾಕ್ ತಗೊಂಡು ಎಸೆಯೋ ಬದಲು ಎರಡು ಹೊಲಿದ್ರೆ ಲೆಕ್ಕ ಹತ್ರ ಹತ್ರ ಬರುತ್ತೆ, ಎರಡನೇ ವರ್ಷ ಟಕ್ಕು ಬಿಚ್ಚಿದಾಗ ಲಾಭ ಶುರು. ಮಡಿಸಿಟ್ಟ ಬಟ್ಟೆಯ ಈ ಲೆಕ್ಕ ನಮ್ಮದು ಮಾತ್ರ ಅಲ್ಲ. ಬ್ರಿಟನ್‌ನಲ್ಲಿ ಯುದ್ಧದ ಕಾಲಕ್ಕೆ, 1941ರ ಜೂನ್‌ನಿಂದ, ಬಟ್ಟೆಗೂ ರೇಷನ್ ಬಂತು. ಹಳೇದನ್ನ ಹೇಗೆ ಮರುಹೊಲಿಯೋದು ಅಂತ 1943ರಲ್ಲಿ ಸರ್ಕಾರವೇ ಕಿರುಪುಸ್ತಕ ಹಂಚ್ತು. ಅಮೆರಿಕದಲ್ಲಿ ಮೂವತ್ತರ ದಶಕದ ಕಷ್ಟದಲ್ಲಿ ಹಿಟ್ಟು, ಪಶು ಆಹಾರ ತುಂಬಿ ಬರ್ತಿದ್ದ ಹತ್ತಿ ಚೀಲಗಳಿಂದ ಅಮ್ಮಂದಿರು ಮಕ್ಕಳಿಗೆ ಫ್ರಾಕ್ ಹೊಲಿದ್ರು. ಅದನ್ನ ನೋಡಿ ಕಂಪನಿಗಳು ಚೀಲದ ಮೇಲೇ ಹೂವಿನ ಪ್ರಿಂಟ್ ಹಾಕೋಕೆ ಶುರು ಮಾಡಿದ್ವು. ಇವತ್ತು ಇನ್‌ಸ್ಟಾಗ್ರಾಮ್‌ನಲ್ಲಿ ನಾವು ‘ವಾವ್, ವಿಂಟೇಜ್’ ಅನ್ನೋ ಎಷ್ಟೋ ಹೂವಿನ ಫ್ರಾಕ್‌ಗಳ ವಂಶ ಆ ಚೀಲದ್ದು.

ಟಕ್ಕು ಬಿಚ್ಚೋ ದಿನ

ಈ ಮಾರ್ಚ್‌ನಲ್ಲಿ ಅಮ್ಮನ ಸೀರೆಯ ಫ್ರಾಕ್ ತೆಗೆದು ಅಳತೆ ನೋಡಿದೆ. ಮಂಡಿಯಿಂದ ಒಂದೂವರೆ ಇಂಚು ಮೇಲೆ ಹೋಗಿತ್ತು. ಮೇಲಿನ ಎರಡು ಟಕ್ಕು ಬಿಚ್ಚಿದೆ. ನಾಲ್ಕರಲ್ಲಿ ಎರಡು ಇನ್ನೂ ಬಾಕಿ ಇದೆ.

ಟಕ್ಕು ಬಿಚ್ಚಿದಾಗ ಒಂದು ಸಮಸ್ಯೆ ಬರುತ್ತೆ. ಮಡಿಕೆಯೊಳಗಿನ ಬಟ್ಟೆ ಬಿಸಿಲು ಕಂಡಿರಲ್ಲ, ಬಣ್ಣ ಗಾಢವಾಗೇ ಇರುತ್ತೆ. ಹಳೇ ಮಡಿಕೆಯ ತುದಿ ಮಾತ್ರ ಉಜ್ಜಿ ಉಜ್ಜಿ ಬಿಳಿಚಿಕೊಂಡಿರುತ್ತೆ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿದ್ರೆ ಮಡಿಕೆ ಹೋಗುತ್ತೆ, ಬಿಳಿ ಗೆರೆ ಹೋಗಲ್ಲ. ಈಗ ಮತ್ತೆ ಆ ಹಳೇ ಫೋಟೊ ನೋಡಿ. ಕೆಲವು ಫ್ರಾಕ್‌ಗಳ ಕೆಳಗೆ ಹಾವಿನ ಹಾಗೆ ಅಂಕುಡೊಂಕಾಗಿ ಹೋಗೋ ಲೇಸ್ ಇರುತ್ತೆ, ರಿಕ್‌ರ್ಯಾಕ್ ಅಂತ ಕರೆಯೋದು. ಎಷ್ಟೋ ಮನೆಗಳಲ್ಲಿ ಆ ಲೇಸ್ ಹಾಕ್ತಿದ್ದಿದ್ದು ಇದೇ ಬಿಳಿ ಗೆರೆ ಮುಚ್ಚೋಕೆ. ಅಂಗಡೀಲಿ ಈಗಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಹತ್ತಿಯದ್ದೇ ಕೇಳಿ, ನೆನೆಸಿ ಒಣಗಿಸಿ, ಗೆರೆಯ ಮೇಲಿಟ್ಟು ಮಧ್ಯದಲ್ಲಿ ಒಂದೇ ಹೊಲಿಗೆ ಹಾಕಿ.

ನನ್ನ ಮಗಳು ಹಳದಿ ಬಣ್ಣದ್ದು ಆರಿಸಿದ್ದಾಳೆ. ಮೆರೂನ್ ಬಾರ್ಡರ್‌ಗೆ ಹಳದಿ ಹೊಂದಲ್ಲ ಅಂತ ಅಕ್ಕ ವಿಡಿಯೋ ಕಾಲ್‌ನಲ್ಲಿ ತಕರಾರು ತೆಗೆದ್ಳು. ಹಾಕ್ಕೊಳ್ಳೋಳು ಅವಳು, ಹಾಗಾಗಿ ಹಳದೀನೇ ಹೊಲೀತಾ ಇದ್ದೀನಿ. ಉಳಿದ ಚೂರಿನಲ್ಲಿ ಗೊಂಬೆಗೂ ಒಂದು ಫ್ರಾಕ್ ಬೇಕಂತೆ, ಅದಕ್ಕೂ ಜೇಬು ಇರ್ಬೇಕಂತೆ.